ಬಳೆ ತಿರುಗಿಸಿದವರು ಯಾರು?

ನಮ್ಮ ಮನೆಯಲ್ಲಿ ಯಾರೂ ಮಾಡದೆ ದಿನಾ ಆಗಿಬಿಡುವ ಕೆಲಸ ಒಂದಿದೆ. ಅಡುಗೆಮನೆ ಕಟ್ಟೆಯ ಮೇಲಿರುವ ಕಾಫಿ ಗ್ರೈಂಡರಿನ ಕತ್ತಿನ ಬಳೆ ತನ್ನಷ್ಟಕ್ಕೆ ತಾನೇ ತಿರುಗಿಕೊಳ್ಳುವುದು. ರಾತ್ರಿ ಮಲಗುವ ಮುಂಚೆ ಅದನ್ನು ಏಳರ ಪಕ್ಕದ ಎರಡನೆಯ ಗೀಟಿಗೆ ತಂದು ನಿಲ್ಲಿಸಿರುತ್ತೇನೆ. ಬೆಳಿಗ್ಗೆ ಹಲ್ಲುಜ್ಜಿ ಬರುವಷ್ಟರಲ್ಲಿ ಇಪ್ಪತ್ತರ ಆಸುಪಾಸಿನಲ್ಲಿ ಆರಾಮಾಗಿ ನಿಂತಿರುತ್ತದೆ. ಹೆಂಡತಿಯನ್ನು ಕೇಳಿದರೆ, "ನಿಮ್ಮ ಮಿಷನ್ ಸಹವಾಸ ನನಗ್ಯಾಕ್ರೀ?" ಎನ್ನುತ್ತಾಳೆ. ಮಗಳು ಫೋನಿನಿಂದ ತಲೆ ಎತ್ತುವುದಿಲ್ಲ. ಅಮ್ಮ ಮಾತ್ರ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡು, "ರಾತ್ರಿ ವೋಲ್ಟೇಜು ಏರುಪೇರಾಗಿತ್ತಲ್ಲ, ಅದಕ್ಕೇ ತಿರುಗಿರಬೇಕು ಕಣೋ" ಎಂದು ಸಮಾಧಾನ ಹೇಳುತ್ತಾಳೆ. ಇಷ್ಟೂ ಹೊತ್ತು ಪಕ್ಕದಲ್ಲೇ ಸ್ಟೀಲಿನ ಫಿಲ್ಟರು ಹೊಸ ಪುಡಿಯ ಘಮ ಹರಡುತ್ತ ತೊಟ್ಟು ತೊಟ್ಟಾಗಿ ಡಿಕಾಕ್ಷನ್ ಇಳಿಸುತ್ತಿರುತ್ತದೆ. ಸಾಕ್ಷಿ ಇಷ್ಟು ಬಹಿರಂಗವಾಗಿದ್ದರೂ ಕೇಸು ನಿಲ್ಲುವುದಿಲ್ಲ.

ಬಳೆ ಅಷ್ಟು ಸರಿದರೆ ಏನು ಮುಳುಗಿಹೋಯಿತು ಎಂದು ಕೇಳುವವರು ಮನೆಯಲ್ಲಿ ಎಸ್ಪ್ರೆಸೊ ಮಾಡಿ ನೋಡಿದವರಲ್ಲ. ಫಿಲ್ಟರಿನಲ್ಲಿ ನೀರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಪುಡಿ ಒಂಚೂರು ದಪ್ಪವಾಗಲಿ, ಸಣ್ಣಗಾಗಲಿ, ಹೊಂದಿಕೊಂಡು ಹೋಗುತ್ತದೆ. ಎಸ್ಪ್ರೆಸೊ ಯಂತ್ರದಲ್ಲಿ ಬಿಸಿನೀರು ಒಂಬತ್ತು ಬಾರ್ ಒತ್ತಡದಲ್ಲಿ ಪುಡಿಯ ಮೇಲೆ ಎರಗುತ್ತದೆ. ಅದನ್ನು ತಡೆದು ನಿಧಾನ ಮಾಡಬೇಕಾದದ್ದು ಆ ಪುಡಿಯೇ. ಅಲ್ಲಿ ಬೇರೆ ನಲ್ಲಿಯಿಲ್ಲ, ತಿರುಪಿಲ್ಲ. 18 ಗ್ರಾಂ ಪುಡಿಯಿಂದ 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡಿನಲ್ಲಿ. ಈ ಹುಚ್ಚು ಹಿಡಿದವರೆಲ್ಲ ಜಪಿಸುವ ಲೆಕ್ಕ ಇದು. ಬಳೆ ಎರಡು ಗೀಟು ಆಚೆ ಹೋದರೆ ಕಾಫಿ ಹದಿನೈದೇ ಸೆಕೆಂಡಿಗೆ ದಬದಬ ಸುರಿದು ಹುಳ್ಳಗಾಗುತ್ತದೆ. ಎರಡು ಗೀಟು ಈಚೆ ಬಂದರೆ ಯಂತ್ರ ತಿಣುಕಾಡಿ ಕಷಾಯದಂಥ ನಾಲ್ಕು ಹನಿ ಉದುರಿಸಿ ಸುಮ್ಮನಾಗುತ್ತದೆ. ಬಳೆಯನ್ನು ಮತ್ತೆ ಏಳಕ್ಕೆ ತಂದರೂ ಕಥೆ ಮುಗಿಯಲಿಲ್ಲ. ಒಳಗಿನ ಸಂದಿಗೊಂದಿಯಲ್ಲಿ ಹೆಂಡತಿಯ ದಪ್ಪ ಪುಡಿ ಒಂದಿಷ್ಟು ಉಳಿದಿರುತ್ತದೆ. ಅದನ್ನು ಹೊರಹಾಕಲು ಒಂದು ಚಿಟಿಕೆ ಬೀಜ ಸುಮ್ಮಸುಮ್ಮನೆ ಬೀಸಿ ಚೆಲ್ಲಬೇಕು. ಚೆಲ್ಲುವುದನ್ನು ಅಮ್ಮ ನೋಡಬಾರದು.

ಮಿಕ್ಸಿ ಇರುವಾಗ ಇನ್ನೊಂದು ಯಾಕೆ ಎಂಬುದು ಗ್ರೈಂಡರ್ ಮನೆಗೆ ಬಂದ ದಿನ ಎದ್ದ ಮೊದಲ ಪ್ರಶ್ನೆ. ಮಿಕ್ಸಿಯ ಬ್ಲೇಡು ಬೀಜವನ್ನು ಬೀಸುವುದಿಲ್ಲ, ಕೊಚ್ಚುತ್ತದೆ. ಅರ್ಧ ಧೂಳು, ಅರ್ಧ ರವೆ. ಧೂಳಿನಿಂದ ಕಹಿ, ರವೆಯಿಂದ ಹುಳಿ, ಎರಡೂ ಒಂದೇ ಲೋಟದಲ್ಲಿ. ಗ್ರೈಂಡರಿನಲ್ಲಿ ಬರ್ ಎಂದು ಕರೆಯುವ ಎರಡು ಉಕ್ಕಿನ ಹಲ್ಲುಗಳಿರುತ್ತವೆ. ಬೀಸುವ ಕಲ್ಲಿನ ಹಾಗೆ ಒಂದು ನಿಂತಿರುತ್ತದೆ, ಇನ್ನೊಂದು ತಿರುಗುತ್ತದೆ. ನಡುವಿನ ಸಂದು ಎಷ್ಟೋ ಪುಡಿ ಅಷ್ಟು. ಬಳೆ ತಿರುಗಿಸುವುದೆಂದರೆ ಆ ಸಂದನ್ನು ಹಿಗ್ಗಿಸುವುದು, ಕುಗ್ಗಿಸುವುದು. ಅಲ್ಲಿ ಕೂದಲೆಳೆಗಿಂತ ಕಡಿಮೆ ವ್ಯತ್ಯಾಸವೂ ಲೋಟದಲ್ಲಿ ಗೊತ್ತಾಗುತ್ತದೆ.

ಜನ ದುಡ್ಡು ಸುರಿಯುವುದು ಯಂತ್ರಕ್ಕೆ. ಅದು ಹೊಳೆಯುತ್ತದೆ, ಬುಸ್ಸೆಂದು ಉಗಿ ಬಿಡುತ್ತದೆ, ನೆಂಟರಿಗೆ ತೋರಿಸಬಹುದು. ಗ್ರೈಂಡರಿನ ಸರದಿ ಬರುವಾಗ ಜೇಬು ಬರಿದು. ನನ್ನ ಮಾತು ಕೇಳುವುದಾದರೆ ಇದನ್ನು ಉಲ್ಟಾ ಮಾಡಿ. ಒಳ್ಳೆಯ ಗ್ರೈಂಡರು ಸಾಧಾರಣ ಯಂತ್ರದಿಂದಲೂ ಕಾಫಿ ತೆಗೆಸುತ್ತದೆ. ಕೆಟ್ಟ ಪುಡಿಯನ್ನು ಯಾವ ಯಂತ್ರವೂ ಉದ್ಧಾರ ಮಾಡಲಾರದು. ಶಂಕುವಿನಾಕಾರದ ಬರ್ ಮೇಲೋ ಚಪ್ಪಟೆ ಬರ್ ಮೇಲೋ ಎಂಬುದು ದ್ವೈತ ಅದ್ವೈತದ ವಾದ, ಅದರಲ್ಲಿ ನಾನು ತಲೆ ಹಾಕುವುದಿಲ್ಲ. ಕೈಯಲ್ಲಿ ತಿರುಗಿಸುವ ಗ್ರೈಂಡರುಗಳಲ್ಲಿ ಕಡಿಮೆ ದುಡ್ಡಿಗೆ ಒಳ್ಳೆಯ ಬರ್ ಸಿಗುತ್ತದೆ, ನಿಜ. ಆದರೆ ಹದವಾಗಿ, ತಿಳಿಯಾಗಿ ಹುರಿದ ಬೀಜ ಜಲ್ಲಿಕಲ್ಲಿನಷ್ಟು ಗಟ್ಟಿ. ಬೆಳಗಿನ ಜಾವ ಅದನ್ನು ತೊಡೆಯ ನಡುವೆ ಅವುಚಿಕೊಂಡು ತಿರುಗಿಸುವ ಗೃಹಸ್ಥನ ಭಂಗಿ ಅಷ್ಟೇನೂ ಗೌರವದ್ದಲ್ಲ. ಕೊಳ್ಳುವಾಗ ಕೇಳಬೇಕಾದ್ದು ಬಳೆ ಎಷ್ಟು ಸೂಕ್ಷ್ಮವಾಗಿ ಸರಿಯುತ್ತದೆ, ಒಳಗೆ ಪುಡಿ ಎಷ್ಟು ಉಳಿಯುತ್ತದೆ, ಬ್ರಷ್ ಹಾಕಲು ಸಲೀಸಾಗಿ ಬಿಚ್ಚಲು ಬರುತ್ತದೆಯೇ ಎಂದು. ಮಾರುವವರು ಹೇಳುವುದು ಬಣ್ಣ ಎಷ್ಟು ಥರ ಇದೆ ಎಂದು.

ಇನ್ನೊಂದು ಕಾಟ ಸ್ಟ್ಯಾಟಿಕ್ಕಿನದು. ಬೀಸುವಾಗ ಪುಡಿಗೆ ವಿದ್ಯುದಂಶ ತಗುಲಿ ಕಟ್ಟೆ, ಗೋಡೆ, ಅಂಗಿಯ ತೋಳಿಗೆಲ್ಲ ಹಾರಿ ಅಂಟಿಕೊಳ್ಳುತ್ತದೆ. ಬೀಸುವ ಮುಂಚೆ ಬೀಜದ ಮೇಲೆ ಒಂದೆರಡು ಹನಿ ನೀರು ಚಿಮುಕಿಸಿದರೆ ಸರಿಹೋಗುತ್ತದೆ ಎಂಬುದನ್ನು ಕಾಫಿ ಹುಚ್ಚರು ಮೊದಲೇ ಕಂಡುಕೊಂಡಿದ್ದರು. ಅದು ನಿಜ ಎಂದು ಲೆಕ್ಕ ಸಮೇತ ತೋರಿಸಿದ 2023ರ ಪ್ರಬಂಧದಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದವರ ಜೊತೆ ಜ್ವಾಲಾಮುಖಿಯ ಬೂದಿಯಲ್ಲಿ ಮಿಂಚು ಹುಟ್ಟುವುದನ್ನು ಅಧ್ಯಯನ ಮಾಡುವ ವಿಜ್ಞಾನಿಗಳೂ ಇದ್ದರು. ನಾನು ನೀರು ಚಿಮುಕಿಸುವಾಗ "ಇದೇನು ಸಂಪ್ರೋಕ್ಷಣೆಯಾ?" ಎಂದು ನಗುವ ಮಗಳಿಗೆ ಜ್ವಾಲಾಮುಖಿಯ ವಿಷಯ ಹೇಳಿದ ಮೇಲೆ ಅವಳ ನಗು ಇನ್ನೂ ಜಾಸ್ತಿಯಾಯಿತು.

ಹಿಂದೆಲ್ಲ ಇದು ಯಾವುದೂ ನಮ್ಮ ತಲೆನೋವಾಗಿರಲಿಲ್ಲ. ಮೈಸೂರಿನಲ್ಲಿ ಅಗ್ರಹಾರದ ಕಡೆ ನಮಗೊಂದು ಕಾಫಿಪುಡಿ ಅಂಗಡಿಯಿತ್ತು. ಗಾಳಿ ಆ ಕಡೆಯಿಂದ ಬೀಸಿದರೆ ಹುರಿಯುವ ವಾಸನೆ ಎರಡು ಬೀದಿಯಾಚೆಗೆ ತಲುಪುತ್ತಿತ್ತು. ಒಳಗೆ ಎದೆಮಟ್ಟದ ಗಿರಣಿ, ತಲೆಯ ಮೇಲೆ ಬೀಜ ಸುರಿಯುವ ಬಾಯಿ, ಕೆಳಗೆ ಪುಡಿ ಇಳಿಯುವ ಮೂತಿ. ಅಂಗಡಿಯವರು ಬೀಜ ತೂಗಿ ಸುರಿದು, ಮೂತಿಗೆ ಅಂಗೈಯಿಂದ ಎರಡೇಟು ಬಿಗಿದು ಒಳಗಿದ್ದ ಕೊನೆಯ ಪುಡಿಯನ್ನೂ ಇಳಿಸುತ್ತಿದ್ದರು. ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿಯೂ ಅವರ ರೆಪ್ಪೆಗೂದಲೂ ಒಂದೇ ಕಂದು ಬಣ್ಣ. ಆ ಗಿರಣಿಯ ಸಂದನ್ನು ಅವರು ಬದಲಿಸಿದ್ದನ್ನು ನಾನು ನೋಡಿಲ್ಲ. ಇಡೀ ಅಗ್ರಹಾರ ಒಂದೇ ಹದದ ಪುಡಿ ಕುಡಿಯುತ್ತಿತ್ತು. ಬದಲಾಗುತ್ತಿದ್ದುದು ಬೇರೆ. ಪೀಬೆರಿ ಎಷ್ಟು, ಪ್ಲಾಂಟೇಷನ್ ಎ ಎಷ್ಟು, ಚಿಕೋರಿ ಎಷ್ಟು.

ಪ್ರತಿ ಮನೆಯ ಲೆಕ್ಕವೂ ಅವರಿಗೆ ಬಾಯಿಪಾಠ. ಡಾಕ್ಟರ ಮನೆಯವರದು ಬರೀ ಪೀಬೆರಿ, ಚಿಕೋರಿ ಸೋಕಿಸುವಂತಿಲ್ಲ. ಹಣ್ಣಿನಲ್ಲಿ ಎರಡು ಬೀಜ ಇರಬೇಕಾದ ಕಡೆ ಒಂದೇ ಬೆಳೆದು ಗುಂಡಗಾದದ್ದು ಪೀಬೆರಿ. ಅದಕ್ಕೆ ಬೆಲೆಯೂ ಜಾಸ್ತಿ, ಜಂಬವೂ ಜಾಸ್ತಿ. ಮೇಷ್ಟರ ಮನೆಗೆ ಎಂಬತ್ತು ಇಪ್ಪತ್ತು. ಹೋಟೆಲಿನವರದು ಯಾರಿಗೂ ಕೇಳಿಸದ ಹಾಗೆ ಹೇಳುವ ಲೆಕ್ಕ. ಕಾನೂನಿನ ಪ್ರಕಾರ ಚಿಕೋರಿ 49 ಪರ್ಸೆಂಟ್ ಮೀರುವಂತಿಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ, ಅಂದರೆ ಅಲ್ಲಿಯವರೆಗೆ ಹೋಗಬಹುದು ಎಂಬುದೂ ಗೊತ್ತಿಲ್ಲ. ಅದು ಕಾಫಿಯ ಸಂಬಂಧಿಯೇ ಅಲ್ಲ. ಗುಜರಾತ್, ಉತ್ತರ ಪ್ರದೇಶದ ಕಡೆ ಬೆಳೆಯುವ ಒಂದು ಬೇರು. ಒಣಗಿಸಿ ಹುರಿದು ಬೆರೆಸುತ್ತಾರೆ. ಕೆಫೀನು ಇಲ್ಲ. ಆದರೆ ಡಿಕಾಕ್ಷನ್ನಿಗೆ ಗಟ್ಟಿ ಬಣ್ಣ ಬರುತ್ತದೆ, ಹಾಲಿಗೆ ಎದುರು ನಿಲ್ಲುತ್ತದೆ. ಮುಖ್ಯವಾಗಿ, ಅಗ್ಗ.

ನಮ್ಮ ಮನೆಯದೂ ಎಂಬತ್ತು ಇಪ್ಪತ್ತೇ. 1994ರ ಮಧ್ಯದಲ್ಲಿ ಬ್ರೆಜಿಲಿನ ಕಾಫಿ ತೋಟಗಳ ಮೇಲೆ ಹಿಮ ಬಿತ್ತು. ಅಗ್ರಹಾರಕ್ಕೂ ಬ್ರೆಜಿಲಿಗೂ ಏನು ಸಂಬಂಧ ಎಂದರೆ, ಅಲ್ಲಿ ಗಿಡ ಸುಟ್ಟುಹೋದದ್ದರಿಂದ ಲೋಕದಲ್ಲೆಲ್ಲ ಕಾಫಿ ಬೆಲೆ ಏರಿತು. 1942ರ ಕಾಫಿ ಕಾಯ್ದೆಯ ಕಾಲದಿಂದ ಬೆಳೆಗಾರರು ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಿತ್ತು. ಆ ಕಟ್ಟು ಆಗಷ್ಟೇ ಸಡಿಲವಾಗುತ್ತ ಬಂದಿತ್ತು. ಹೊರಗಿನ ಬೆಲೆ ತೋಟದವರ ಕೈಗೇ ಬಂತು. ಆ ಸಲ ಚಿಕ್ಕಮಗಳೂರಿನ ಕಡೆಯ ನೆಂಟರ ಮದುವೆಗೆ ಹೋದರೆ ಛತ್ರದ ಮುಂದೆಲ್ಲ ಹೊಸ ಕಾರುಗಳು. ಅಪ್ಪ ಅವನ್ನು ನೋಡಿಕೊಂಡು ಊಟಕ್ಕೆ ಹೋದರು. ಅವರ ಸಂಬಳಕ್ಕೆ ಬ್ರೆಜಿಲಿನ ಹಿಮದ ಸುದ್ದಿ ಮುಟ್ಟಿರಲಿಲ್ಲ.

ಅಂಗಡಿಗೆ ಯಾವಾಗಲೂ ತಾನೇ ಹೋಗುತ್ತಿದ್ದ ಅಮ್ಮ ಆ ತಿಂಗಳು ನನ್ನನ್ನು ಕಳಿಸಿದಳು. ಡಬ್ಬಿ ಕೈಗಿಟ್ಟು, "ನಲವತ್ತು ಅನ್ನು. ಜೋರಾಗಿ ಹೇಳ್ಬೇಡ" ಎಂದಳು. ಅಂಗಡಿಯವರ ರೂಢಿಯೋ, ಗಿರಣಿಯ ಸದ್ದು ಮೀರಿ ಇಡೀ ಸಾಲಿಗೆ ಕೇಳುವ ಹಾಗೆ ಪ್ರತಿಯೊಬ್ಬರ ಲೆಕ್ಕವನ್ನೂ ಕೂಗಿ ಹೇಳುವುದು. "ಮೇಷ್ಟರ ಮನೆ, ಎಂಬತ್ತು ಇಪ್ಪತ್ತು!" ನನ್ನ ಸರದಿ ಬಂತು. ನಾನು ಪಿಸುಗುಟ್ಟಿದೆ. ಅವರಿಗೆ ಕೇಳಿಸಲಿಲ್ಲ. ಹಿಂದೆ ಡಾಕ್ಟರ ಮನೆಯ ಹುಡುಗಿ ನಿಂತಿದ್ದಳು, ಆದ್ದರಿಂದ ನಾಲ್ಕು ಬೆರಳು ತೋರಿಸಿದೆ. ಅವರು ನನ್ನ ಮುಖ ನೋಡಿದರು, ಡಬ್ಬಿ ನೋಡಿದರು, ಏನೂ ಕೂಗದೆ ತೂಗತೊಡಗಿದರು. ಮುಂದಿನ ತಿಂಗಳಿಂದ ನಾನು ಕಟ್ಟೆ ಹತ್ತುವ ಮುಂಚೆಯೇ ಅವರು ಗಲ್ಲದ ಪೆಟ್ಟಿಗೆಯ ಮರೆಯಲ್ಲಿ ನಾಲ್ಕು ಬೆರಳೆತ್ತಿ ಹೌದೋ ಅಲ್ಲವೋ ಎಂದು ಹುಬ್ಬಿನಲ್ಲೇ ಕೇಳುತ್ತಿದ್ದರು. ಆ ಸಾಲಿನಲ್ಲಿ ಇನ್ನೆಷ್ಟು ಮನೆಗಳ ಜೊತೆ ಅವರು ಹಾಗೆ ಬೆರಳಿನಲ್ಲೇ ಮಾತಾಡುತ್ತಿದ್ದರೋ. ಯಾರ ಮಗನಿಗೆ ಕೆಲಸ ಸಿಕ್ಕಿತು, ಯಾರ ಮನೆಗೆ ಮದುವೆ ಸಾಲ ಬಂತು ಎಂಬುದು ಬ್ಯಾಂಕಿಗಿಂತ ಮುಂಚೆ ಅವರಿಗೆ ಗೊತ್ತಾಗುತ್ತಿದ್ದಿರಬೇಕು.

ಆ ಪುಡಿಯ ಮೊದಲ ಕಾಫಿಯನ್ನು ಅಜ್ಜನಿಗೆ ಕೊಟ್ಟು ಅಮ್ಮ ಬಾಗಿಲ ಬಳಿಯೇ ನಿಂತಳು. ಅಜ್ಜ ಎರಡು ಗುಟುಕು ಕುಡಿದು, ಲೋಟವನ್ನು ಬೆಳಕಿಗೆ ಹಿಡಿದು, "ಈ ಸಲ ಬಣ್ಣ ಚೆನ್ನಾಗಿ ಬಂದಿದೆ" ಎಂದರು. ಅಷ್ಟೇ. ಬೆಲೆ ಇಳಿದು ಮತ್ತೆ ಇಪ್ಪತ್ತಕ್ಕೆ ಬಂದಾಗಲೂ ಅವರು ಏನೂ ಹೇಳಲಿಲ್ಲ, ಎರಡನೆಯ ಲೋಟ ಕೇಳಿದರು.

ಅಮ್ಮ ಈಗ ಇದನ್ನು ಒಪ್ಪುವುದಿಲ್ಲ. "ನಲವತ್ತೆಲ್ಲ ಯಾವಾಗ ಹಾಕಿದ್ವೋ? ಸುಮ್ನೆ ಇರೋ" ಎನ್ನುತ್ತಾಳೆ. ಹಾಗೆಯೇ ಎಸ್ಪ್ರೆಸೊವನ್ನೂ ಒಪ್ಪುವುದಿಲ್ಲ. ಇಟಲಿಯವರು ಕಂಡುಹಿಡಿದದ್ದು ಎಂದರೆ, "ಅವರಿಗೆ ಬೀಜ ಎಲ್ಲಿಂದ ಬಂತಂತೆ?" ಎಂದು ಕೇಳುತ್ತಾಳೆ. ಇದು ಬರೀ ಮೊಂಡುವಾದವಲ್ಲ. ನಮ್ಮ ದೇಶದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವುದು ಇಟಲಿಯೇ. ಎಸ್ಪ್ರೆಸೊದ ಮೇಲೆ ನಿಲ್ಲುವ ಕಂದು ನೊರೆ ಗಟ್ಟಿಯಾಗಲೆಂದು ಅವರು ಬೆರೆಸುವ ರೋಬಸ್ಟಾದಲ್ಲಿ ಕೊಡಗಿನದೂ ಇರುತ್ತದೆ.

ಮೊನ್ನೆ ಬಾಬಾಬುಡನ್‌ಗಿರಿಯ ತಪ್ಪಲಿನ ಎಸ್ಟೇಟೊಂದರಿಂದ ಕಾಲು ಕಿಲೋ ಬೀಜ ತರಿಸಿದೆ. ಆರುನೂರರ ಮೇಲೆ ಚಿಲ್ಲರೆ. ಪೊಟ್ಟಣ ಬಿಚ್ಚುವಾಗ ಅಮ್ಮ ಬಂದು ಎಷ್ಟು ಕೊಟ್ಟೆ ಎಂದಳು. ಮನೆಯ ನೆಮ್ಮದಿಯ ದೃಷ್ಟಿಯಿಂದ ನೂರೈವತ್ತು ಎಂದೆ. ಅವಳು ಮನಸ್ಸಿನಲ್ಲೇ ಕಿಲೋಗೆ ಎಷ್ಟಾಯಿತೆಂದು ಲೆಕ್ಕ ಹಾಕಿದಳು.

"ಇವತ್ತಿನ ರೇಟಿಗೆ ಅಷ್ಟಕ್ಕೆಲ್ಲಿ ಬರತ್ತೋ? ಕಡಿಮೆ ಅಂದ್ರೂ ನಲವತ್ತು ಚಿಕೋರಿ ಇರತ್ತೆ ಇದರಲ್ಲಿ."

"ಇದು ಇಡೀ ಬೀಜ ಅಮ್ಮ. ಇನ್ನೂ ಪುಡಿ ಮಾಡೇ ಇಲ್ಲ. ಚಿಕೋರಿ ಹೇಗೆ ಬರತ್ತೆ?"

"ಈಗಿನವರು ಅದಕ್ಕೂ ಒಂದು ದಾರಿ ಕಂಡ್ಕೊಂಡಿರ್ತಾರೆ ಬಿಡು" ಎಂದಳು.