ಚೀಟಿ, ಡ್ರಾವರು, ಕರಿಹಲಗೆ

ಶಾಲೆಯ ಕೆಲಸವೆಂದರೆ ಪಾಠ ಹೇಳುವುದು ಎಂದು ನಂಬಿ ಬಿ.ಎಡ್. ಮುಗಿಸಿದ ಪೀಳಿಗೆ ನಮ್ಮದು. ಈಗ ಅರ್ಧ ಕೆಲಸ ಕಂಪ್ಯೂಟರಿನ ಮುಂದೆ. ಮಗುವಿನ ಹೆಸರು, ತಾಯಿಯ ಹೆಸರು, ಜಾತಿ, ಆಧಾರ್, ಎತ್ತರ, ತೂಕ, ಬ್ಯಾಂಕಿನ ಖಾತೆ ಎಂದು ತುಂಬುತ್ತ ಹೋಗಬೇಕು. ಕಾರವಾರದಿಂದ ಅಂಕೋಲೆಗೆ ದಿನವೂ ಬಸ್ಸಿನಲ್ಲಿ ಓಡಾಡುವ ನನಗೆ ಬಿಣಗಾ, ಅರ್ಗಾ, ಅಮದಳ್ಳಿ ದಾಟುವಷ್ಟರಲ್ಲಿ ಇವತ್ತು ಯಾರ ಕಾಲಂ ಬಾಕಿ ಎನ್ನುವ ಲೆಕ್ಕವೇ ತಲೆಯಲ್ಲಿ. ಹಿಂದೆ ಇದೇ ದಾರಿಯಲ್ಲಿ ಸಮುದ್ರ ನೋಡುತ್ತಿದ್ದೆ.

ಒಂದು ಮಳೆಗಾಲದಲ್ಲಿ, ವಿವರ ತುಂಬುವ ಕೊನೆಯ ದಿನ, ಒಂದು ಜಾಲತಾಣದಲ್ಲಿ (ಹೆಸರು ಬೇಡ, ಬಿಡಿ) ನಮ್ಮ ಶಾಲೆಯ ಹುಡುಗಿಯೊಬ್ಬಳ ಹೆಸರು ಒತ್ತಿದೆ. ಪರದೆಯ ಮೇಲೆ ಬಂದದ್ದು ಬೇರೆ ಯಾವುದೋ ಮಗು. ಬೇರೆ ಜಿಲ್ಲೆ, ಬೇರೆ ಶಾಲೆ. ತಂದೆಯ ಹೆಸರಿನ ಜಾಗ ಖಾಲಿ, ಕೆಳಗೆ ಆ ಮಗುವಿನ ಕಾಯಿಲೆಯ ಮಾತು. ನನಗೆ ಸಂಬಂಧವೇ ಇಲ್ಲದ ಒಂದು ಮನೆಯ ಒಳಕೋಣೆಯ ಬಾಗಿಲು ತಾನಾಗಿ ತೆರೆದಂತಾಯಿತು. ಮತ್ತೊಮ್ಮೆ ಒತ್ತಿದಾಗ ನಮ್ಮ ಹುಡುಗಿಯೇ ಬಂದಳು. ಸಹಾಯದ ನಂಬರಿಗೆ ಫೋನು ಮಾಡಿದರೆ, "ರಿಫ್ರೆಶ್ ಮಾಡಿದ್ರೆ ಸರಿ ಹೋಗ್ತದೆ ಮೇಡಂ" ಎಂದರು. ಸರಿ ಹೋಗಿತ್ತು, ನಿಜ. ಆದರೆ ಆ ಕ್ಷಣದಲ್ಲಿ ನಮ್ಮ ಹುಡುಗಿ ಯಾರ ಕಣ್ಣಿಗೆ ಬಿದ್ದಿದ್ದಳು? ಅಂಕೋಲೆ ಪೇಟೆಯಲ್ಲಿ ಮೀನು ಮಾರಿ ಮಗಳನ್ನು ಓದಿಸುವ ಅವಳ ತಾಯಿ ನನ್ನನ್ನು ನಂಬಿ ಹೇಳಿದ ಮಾತುಗಳು ಅದರಲ್ಲಿದ್ದವು.

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಇಂಥದೇ ಕೆಲಸ ಮಾಡುತ್ತಾಳೆ. ಚೌತಿಗೆ ಬಂದಾಗ ಅವಳನ್ನು ಕೂರಿಸಿಕೊಂಡು ಕೇಳಿದೆ.

"ದೊಡ್ಡಮ್ಮ, ಸರ್ವರ್ ಅಂದ್ರೆ ಒಬ್ಬ ಮರೆಗುಳಿ ಗುಮಾಸ್ತ ಅಂತ ತಿಳ್ಕೋ" ಎಂದು ಶುರುಮಾಡಿದಳು. ಒಂದು ಪುಟ ಕೇಳಿದರೆ ಕೊಡುತ್ತಾನೆ. ಎರಡನೆಯ ಪುಟಕ್ಕೆ ಹೋದರೆ ನೀವು ಯಾರೆಂದೇ ಅವನಿಗೆ ನೆನಪಿಲ್ಲ. ಜಾಲದ ಮೂಲ ಕಟ್ಟಳೆಯೇ ಹಾಗಂತೆ. ಈ ಮರೆವಿಗೆ ಮದ್ದಾಗಿ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಎಂಬಾತ ಕುಕಿ ಎಂಬುದನ್ನು ತಂದ. ದೇವಸ್ಥಾನದ ಹೊರಗೆ ಚಪ್ಪಲಿ ಇಟ್ಟಾಗ ಕೈಗೆ ಒಂದು ಬಿಲ್ಲೆ ಕೊಡುತ್ತಾರಲ್ಲ, ಹಾಗೆ. ಬಿಲ್ಲೆ ನಮ್ಮ ಹತ್ತಿರ, ಚಪ್ಪಲಿ ಅವರ ಹತ್ತಿರ.

ಆ ಗುಮಾಸ್ತನ ಒಳಮನೆಯಲ್ಲಿ ಕೆಲಸ ಹಂಚಿಕೆಯಾಗಿರುತ್ತದೆ. ಒಂದು ಭಾಗ ನಾವು ತುಂಬಿದ್ದನ್ನು ಪರೀಕ್ಷಿಸುತ್ತದೆ, ಇನ್ನೊಂದು ಉಗ್ರಾಣದಿಂದ ಮಗುವಿನ ವಿವರ ತರುತ್ತದೆ, ಮತ್ತೊಂದು ಪುಟ ಕಟ್ಟುತ್ತದೆ. ಒಬ್ಬರು ತಂದದ್ದು ಇನ್ನೊಬ್ಬರ ಕೈಗೆ ಸೇರಬೇಕು. ಎಲ್ಲಿ ಇಡಬೇಕು? ಅವಳು ಇಂಗ್ಲಿಷಿನಲ್ಲಿ ರಿಕ್ವೆಸ್ಟ್, ಸೆಷನ್, ಅಪ್ಲಿಕೇಶನ್ ಎಂದು ಮೂರು ಜಾಗ ಹೇಳಿದಳು. ನನಗೆ ಕಂಡದ್ದು ನಮ್ಮ ಸ್ಟಾಫ್ ರೂಮು. ಜವಾನನ ಕೈಯಲ್ಲಿ ಒಂದು ಕೆಲಸಕ್ಕೆಂದು ಕಳಿಸುವ ಚೀಟಿ ಮೊದಲನೆಯದು. ಕೆಲಸ ಮುಗಿದರೆ ಹರಿದು ಹಾಕಿದಂತೆ. ನಾವು ಒಬ್ಬೊಬ್ಬರೇ ಬೀಗ ಹಾಕಿಕೊಳ್ಳುವ ಡ್ರಾವರು ಎರಡನೆಯದು. ಬಿಲ್ಲೆ ತೋರಿಸಿದವರಿಗೆ ಮಾತ್ರ ತೆರೆಯುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಅದನ್ನು ಖಾಲಿ ಮಾಡಿಬಿಡುತ್ತಾರೆ. ಟಾಮ್‌ಕ್ಯಾಟ್ ಎಂಬ ಸರ್ವರಿನಲ್ಲಿ ಬೇರೆ ಹೇಳದಿದ್ದರೆ 30 ನಿಮಿಷ. ಕರೆಂಟು ಹೋಗಿ ಬರುವಷ್ಟರಲ್ಲಿ "ಸೆಷನ್ ಮುಗಿದಿದೆ" ಎಂದು ನಮ್ಮನ್ನು ಹೊರಹಾಕುವುದು ಇದಕ್ಕೇ. ನಾನು ಇಷ್ಟು ದಿನ ಬೈಯುತ್ತಿದ್ದ ಈ ಕ್ರಮ ಒಳ್ಳೆಯದೇ, ಎದ್ದು ಹೋದವರ ಡ್ರಾವರು ತೆರೆದಿರಬಾರದು. ಮೂರನೆಯದು ಗೋಡೆಯ ಕರಿಹಲಗೆ. ರಜೆಯ ಪಟ್ಟಿ, ಜಿಲ್ಲೆಗಳ ಹೆಸರು ಮುಂತಾದ ಎಲ್ಲರ ವಿಷಯ ಅಲ್ಲಿ.

"ಹಾಗಾದ್ರೆ ಆ ಮಗು ನನ್ನ ಮುಂದೆ ಹ್ಯಾಗೆ ಬಂತೇ?"

"ಒಳಗೆ ನೋಡದೆ ಖಾತ್ರಿ ಹೇಳೂಕಾಗೂದಿಲ್ಲ ದೊಡ್ಡಮ್ಮ. ಆದ್ರೆ ಚೀಟಿಯಲ್ಲಿ ಹೋಗಬೇಕಾದ್ದನ್ನು ಯಾರೋ ಕರಿಹಲಗೆ ಮೇಲೆ ಬರೆದಿರಬೇಕು."

ಅವಳು ಬಿಡಿಸಿ ಹೇಳಿದ್ದು ಹೀಗೆ. ಜಾವಾದಲ್ಲಿ ಸರ್ವ್ಲೆಟ್ ಎಂಬ ಕೆಲಸಗಾರ ಸಾಮಾನ್ಯವಾಗಿ ಒಬ್ಬನೇ, ಸಾವಿರ ಜನರಿಗೆ ಏಕಕಾಲಕ್ಕೆ ಅವನೇ. ಬರೆದವರು ಮಗುವಿನ ವಿವರವನ್ನು ಆಯಾ ಚೀಟಿಯಲ್ಲಿ ಇಡದೆ ಅವನ ಸ್ವಂತ ಜೇಬಿನಲ್ಲಿ ಇಟ್ಟರೆ, ನಾನು ಕೇಳಿದ್ದು ಜೇಬಿಗೆ ಬಿದ್ದ ಮರುಗಳಿಗೆಯಲ್ಲಿ ಇನ್ನೊಬ್ಬ ಅಕ್ಕೋರು ಕೇಳಿದ್ದು ಅದರ ಮೇಲೆ ಬೀಳುತ್ತದೆ. ಪುಟ ಕಟ್ಟುವವನು ಜೇಬಿಗೆ ಕೈ ಹಾಕಿದಾಗ ಸಿಗುವುದು ಅವರ ಮಗು. ಇದರಲ್ಲಿ ಕೆಟ್ಟದ್ದೇನೆಂದರೆ, ಒಬ್ಬರೇ ಕೂತು ಪರೀಕ್ಷೆ ಮಾಡುವಾಗ ಎಂದೂ ಕಾಣಿಸದು. ಎಲ್ಲರೂ ಒಟ್ಟಿಗೆ ಮುಗಿಬೀಳುವ ಕೊನೆಯ ದಿನವೇ ಕಾಣುವುದು. ಮತ್ತೆ ಒತ್ತಿದರೆ ಮಾಯ! ಹಾಗಾಗಿ ದೂರು ಕೊಟ್ಟವರೇ ಸುಳ್ಳರಾಗುತ್ತಾರೆ.

ಹಂಚಿಕೊಳ್ಳುವುದೇ ತಪ್ಪು ಎಂದು ನಾನು ಹೇಳಲಾರೆ. ತಲಾಟಿಯ ಚೀಲದಲ್ಲಿ ಪಹಣಿ ಇದ್ದ ಕಾಲ ನಮ್ಮವರಿಗೆ ಗೊತ್ತು. ಒಂದು ಉತಾರಕ್ಕಾಗಿ ಅವರ ಮನೆ ಜಗಲಿಯಲ್ಲಿ ಕಾದವರೆಷ್ಟೋ. 2001ರ ಹೊತ್ತಿಗೆ 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ ಮೇಲೆ ಆ ಚೀಲದ ಹಂಗು ತಪ್ಪಿತು. ಹೊಲದ ಪಹಣಿ ಕರಿಹಲಗೆಗೆ ಬಂದದ್ದು ಬಡವರಿಗೆ ಒಳ್ಳೆಯದೇ ಆಯಿತು. ಆದರೆ ಮಗುವಿನ ಕಾಯಿಲೆ ಹೊಲದ ಸರ್ವೆ ನಂಬರಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ ಹಾಕಿದ ಅರ್ಜಿಯಿಂದಲೇ ಅಲ್ಲವೇ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದ್ದು? 2023ರಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗೆಂದೇ ಕಾಯಿದೆಯೂ ಆಯಿತು.

ತಂಗಿಯ ಮಗಳು ಹೇಳಿಕೊಟ್ಟಂತೆ ದಿನಾಂಕ, ಗಳಿಗೆ, ನಾನು ಒತ್ತಿದ ಹೆಸರು ಎಲ್ಲ ಸೇರಿಸಿ ದೂರು ಬರೆದೆ. ಆ ಇನ್ನೊಂದು ಮಗುವಿನ ಹೆಸರು ಬರೆಯಲಿಲ್ಲ, ಶಾಲೆ ಮಾತ್ರ ಬರೆದೆ. ತಿಂಗಳ ನಂತರ "ಪರಿಹರಿಸಲಾಗಿದೆ" ಎಂಬ ಒಂದು ಸಾಲು ಬಂತು. ಏನನ್ನು ಪರಿಹರಿಸಿದರೆಂದು ಕೇಳಿದ್ದಕ್ಕೆ ಉತ್ತರವಿಲ್ಲ.

ಮೀನು ಮಾರುವ ಆ ತಾಯಿಗೂ ಹೇಳಿದೆ. ಹೇಳಬೇಡಿ, ಗದ್ದಲವಾಗುತ್ತದೆ ಎಂದು ಸಹೋದ್ಯೋಗಿಗಳು ತಡೆದಿದ್ದರು. ಅವಳು ಬುಟ್ಟಿ ಕೆಳಗಿಟ್ಟು ಎಲ್ಲ ಕೇಳಿಸಿಕೊಂಡಳು. "ಅಕ್ಕೋರೇ, ನಾ ನಿಮ್ಮ ಹತ್ರ ಹೇಳ್ದದ್ದು. ಊರಿಗೆ ಹೇಳ್ದದ್ದಲ್ಲ" ಎಂದಳು, ಅಷ್ಟೇ. ಈ ವರ್ಷ ಫಾರ್ಮು ತುಂಬುವಾಗ ಒಂದೊಂದು ಕಾಲಂ ಓದಿ ಹೇಳುತ್ತ, ಕೆಂಪು ಚುಕ್ಕೆ ಇಲ್ಲದ್ದು ಕಡ್ಡಾಯವಲ್ಲ ಎಂದು ತಿಳಿಸಿದೆ. ಅವಳು ನಾಲ್ಕನ್ನು ಖಾಲಿ ಬಿಡಿಸಿದಳು.