ಮನೆ ಮಾರುವಾಗ ಮೀಟರಿನ ಮಾತು

ನಮ್ಮ ಗದಗ ಕಡೆಯ ಅಂತೂರ-ಬೆಂತೂರದಂಥ ಊರಲ್ಲಿ ಹಳೇ ಮನೆ ಕೊಳ್ಳಲು ಬಂದವರು ಮೊದಲು ನೋಡುವುದು ತಲೆಬಾಗಿಲ ದಿಕ್ಕನ್ನು. ಆಮೇಲೆ ತೊಲೆ, ಕಂಬ, ನಳದ ನೀರು; ಕೊನೆಗೆ ಉತಾರ. ಸಾಗವಾನಿ ಕಂಬವನ್ನು ಗೆಣ್ಣಿನಿಂದ ಬಡಿದು ನೋಡುವ ಜನ ಮೀಟರ್ ಬೋರ್ಡಿನ ಮುಚ್ಚಳ ತೆಗೆಸಿದ್ದನ್ನು ನಾನು ಕಂಡಿಲ್ಲ. ಕಂಬಕ್ಕೆ ಗೆದ್ದಲು ಹತ್ತಿದರೆ ಬೀಳಲು ವರ್ಷಗಳು ಬೇಕು. ತಂತಿಯ ಮೇಲ್ಕವಚ ಒಡೆದಿದ್ದರೆ ಮಾಳಿಗೆ ಸೋರುವ ಒಂದು ಮಳೆ ಸಾಕು.

ನಮ್ಮ ಕಡೆಯ ಮಾಳಿಗೆ ಮನೆಗಳಿಗೆ ಕರೆಂಟು ಬಂದ ಕಾಲಕ್ಕೆ ನಾಲ್ಕು ಬಲ್ಬು, ಒಂದು ರೇಡಿಯೊ ಇದ್ದರೆ ದೊಡ್ಡದು. ಬಡವರಿಗೆ ಒಂದೇ ಬಲ್ಬಿನ ಭಾಗ್ಯಜ್ಯೋತಿ. ಜಂತಿಯ ಗುಂಟ ಕಟ್ಟಿಗೆ ಪಟ್ಟಿ ಬಡಿದು ಅದರ ಮೇಲೆ ತಂತಿ ಎಳೆದರು. ಇವತ್ತು ಅದೇ ತಂತಿಗೆ ಫ್ರಿಜ್, ಮಿಕ್ಸರ್, ನೀರಿನ ಮೋಟಾರು, ಗೀಸರ್. 2 ಕಿಲೊವ್ಯಾಟ್ ಗೀಸರ್ ಒಂದೇ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತಿಬಿಡುತ್ತಾರೆ. ಕಾವಲುಗಾರನ ಕೈಕಾಲು ಕಟ್ಟಿ ಕೂರಿಸಿದ ಹಾಗೆ. 2023ರ ಜುಲೈಯಿಂದ ಗೃಹಜ್ಯೋತಿ ಬಂತು, 200 ಯೂನಿಟ್‌ವರೆಗೆ ಬಿಲ್ಲಿನ ಚಿಂತೆ ಇಳಿಯಿತು. ನನಗೂ ಸಂತೋಷವೇ. ಆದರೆ ಬಿಲ್ಲು ಸೊನ್ನೆಯಾದ ಮನೆಯಲ್ಲೂ ತಂತಿ ಹೊರುವ ಭಾರ ಹೊರಲೇಬೇಕು.

ಇನ್ನು ಅರ್ಥಿಂಗ್. ನಮ್ಮ ಎರೆಮಣ್ಣು ಹಸಿಯಿದ್ದಾಗ ಕರೆಂಟನ್ನು ಚೆನ್ನಾಗಿ ಇಳಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬಿರಿದು ಅರ್ಥಿಂಗ್ ಪೈಪನ್ನೇ ಬಿಟ್ಟು ಸರಿಯುತ್ತದೆ. ಅದಕ್ಕೇ ಗುಂಡಿಗೆ ಇದ್ದಿಲು, ಉಪ್ಪು ತುಂಬುವುದು, ನೀರು ಹನಿಸುವುದು. ತುಳಸಿಕಟ್ಟೆಗೆ ನಿತ್ಯ ನೀರೆರೆಯುವ ಮನೆಯವರು ಬೇಸಿಗೆಯಲ್ಲಿ ಈ ಗುಂಡಿಗೂ ಒಂದು ಕೊಡ ಹಾಕಲಿ ಎಂಬುದು ನನ್ನ ಆಸೆ. ಜೊತೆಗೆ 30 ಮಿಲಿಆಂಪಿಯರ್ ಸೋರಿದೊಡನೆ ಕರೆಂಟು ಕಡಿಯುವ ಆರ್‌ಸಿಸಿಬಿ ಇದ್ದರೆ, ಒದ್ದೆ ಕೈಯಲ್ಲಿ ಫ್ರಿಜ್ ಮುಟ್ಟಿದ ಮಗು ಬದುಕೀತು.

ಇಷ್ಟೆಲ್ಲ ಮಾಡಿಸಿದರೆ ಮನೆಯ ಬೆಲೆ ಏರುತ್ತದೆಯೇ? ಹಳ್ಳಿಯಲ್ಲಿ ಬೆಲೆ ಕಟ್ಟುವುದು ಜಾಗಕ್ಕೆ, ರಸ್ತೆಗೆ. ವೈರಿಂಗಿಗೆ ಹಾಕಿದ್ದು ರೂಪಾಯಿಗೆ ರೂಪಾಯಿ ಮರಳಿ ಬರುವುದಿಲ್ಲ. ಗದಗ-ಬೆಟಗೇರಿಯ ಮಾತು ಸ್ವಲ್ಪ ಬೇರೆ: ವಿದ್ಯುತ್ ಮಗ್ಗ ಹಾಕುವವರಿಗೆ, ಎಸಿ ಕೂರಿಸುವವರಿಗೆ ತ್ರೀ ಫೇಸ್ ಇದ್ದ ಮನೆ ಕಣ್ಣಿಗೆ ಬೀಳುತ್ತದೆ. ಬೇರೆಡೆ ಆಗುವ ಲಾಭ ಚೌಕಾಸಿಯಲ್ಲಿ. “ವೈರಿಂಗ್ ಎಲ್ಲ ಕಿತ್ತು ಹಾಕಬೇಕು, ಇಳಿಸಿ” ಎನ್ನುವ ಬಾಯಿ ಮುಚ್ಚುತ್ತದೆ. ಮಾರುವ ತಿಂಗಳಲ್ಲಿ ಹೊಸ ಸ್ವಿಚ್ಚು ಹಾಕಿ ಬಣ್ಣ ಬಳಿಯುವುದಕ್ಕಿಂತ, ಹತ್ತು ವರ್ಷ ಮೊದಲೇ ಮಾಡಿಸಿ ತಾವೇ ಆ ನೆಮ್ಮದಿ ಉಣ್ಣುವುದು ನನಗೆ ಸರಿ ಕಾಣುತ್ತದೆ.

ಕಾಗದಪತ್ರವೂ ಉಂಟು. ಲೋಡ್ ಏರಿಸುವುದಾದರೆ ಹೆಸ್ಕಾಂಗೆ ಅರ್ಜಿ ಹಾಕಿ ಮಂಜೂರು ಮಾಡಿಸಬೇಕು. ವಿದ್ಯುತ್ ಸಂಪರ್ಕದ ಆರ್.ಆರ್. ನಂಬರ್ ಎಷ್ಟೋ ಮನೆಗಳಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇರುತ್ತದೆ. ಹಳೇ ಬಾಕಿ ನನಗೇನು ಎಂದು ಕೊಳ್ಳುವವರು ಕೈ ಝಾಡಿಸುವಂತಿಲ್ಲ: ಸರಬರಾಜು ನಿಯಮಗಳಲ್ಲಿ ಹಾಗಿದ್ದರೆ ಹಿಂದಿನ ಮಾಲೀಕರ ಬಾಕಿಯನ್ನು ಹೊಸಬರಿಂದ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2023ರ ಮೇ 19ರಂದು ತೀರ್ಪು ಕೊಟ್ಟಿದೆ. ಸಂಚಕಾರ ಕೊಡುವ ಮುನ್ನ ಕೊನೆಯ ಬಿಲ್ಲು ಕೇಳಿ, ಪರಿಚಯದ ವೈರ್‌ಮನ್ ಒಬ್ಬರನ್ನು ಕರೆದೊಯ್ದು ಆ ಮುಚ್ಚಳ ತೆಗೆಸಿ.