ಗುನುಗಬಹುದಾದ ಡೆತ್ ಮೆಟಲ್

ಪಾತ್ರೆ ತೊಳೀತಾ ಇನ್ ಫ್ಲೇಮ್ಸ್‌ನ 'ದ ಜೆಸ್ಟರ್ ರೇಸ್' ಹಾಕ್ಕೊಂಡಿದ್ದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಡೆತ್ ಮೆಟಲ್ ಬ್ಯಾಂಡಿನ 1996ರ ಆಲ್ಬಂ. ಮೊದಲ ಹಾಡು 'ಮೂನ್‌ಶೀಲ್ಡ್' ಶುರುವಾಗೋದೇ ಅಕೌಸ್ಟಿಕ್ ಗಿಟಾರಿಂದ, ಯಾವುದೋ ಜಾನಪದ ಧಾಟಿ ಥರ. ಆಮೇಲೆ ಎಲೆಕ್ಟ್ರಿಕ್ ಗಿಟಾರ್‌ಗಳು ಜೋಡಿಯಾಗಿ ಬರ್ತವೆ ನೋಡಿ, ಒಂದು 'ಸ' ಹಿಡಿದರೆ ಇನ್ನೊಂದು 'ಗ' ಹಿಡಿದ ಹಾಗೆ, ಅಲ್ಲಿ ಸೋಪು ಕೈಯಲ್ಲೇ ನಿಂತುಬಿಟ್ಟೆ.

ಹೊಳೆದದ್ದು ಇಷ್ಟೇ: ಈ ಆಲ್ಬಂನಲ್ಲಿ ನಿಜವಾಗಿ ಹಾಡೋದು ಗಿಟಾರು. ಗಾಯಕ ಆಂಡರ್ಸ್ ಫ್ರಿಡೆನ್ ಗಂಟಲು ಹರ್ಕೊಂಡು ತಾಳ ಕೊಡ್ತಾನೆ, ಅಷ್ಟೇ. ಅದಕ್ಕೇ ಒಂದು ಸಾಲೂ ಬಾಯಿಪಾಠ ಇಲ್ಲದಿದ್ರೂ ಪೂರ್ತಿ ಆಲ್ಬಂ ಗುನುಗೋಕೆ ಬರತ್ತೆ.

(ತಮಾಷೆ ಅಂದ್ರೆ ಈ ಫ್ರಿಡೆನ್ ಮೊದಲು ಅದೇ ಊರಿನ ಇನ್ನೊಂದು ಬ್ಯಾಂಡ್ ಡಾರ್ಕ್ ಟ್ರಾಂಕ್ವಿಲಿಟಿಯ ಗಾಯಕ. ಇನ್ ಫ್ಲೇಮ್ಸ್‌ನ ಮೊದಲ ಆಲ್ಬಂಗೆ ಹಾಡಿದ್ದು ಮಿಕಾಯೆಲ್ ಸ್ಟಾನೆ, ಆಮೇಲೆ ಡಾರ್ಕ್ ಟ್ರಾಂಕ್ವಿಲಿಟಿಯ ಮೈಕ್ ಹಿಡಿದವನೂ ಅವನೇ! 'ದ ಜೆಸ್ಟರ್ ರೇಸ್'ನಲ್ಲಿ ಡ್ರಮ್ಸ್ ಬಾರಿಸಿರೋ ಬ್ಯೋರ್ನ್ ಗೆಲೊಟ್ಟೆ ಮುಂದೆ ಗಿಟಾರಿಗೆ ಬಂದ. ಊರಿಗೆ ಊರೇ ಒಂದು ಬ್ಯಾಂಡು.)

ಇವರದೇ 'ಕ್ಲೇಮನ್' ಆಲ್ಬಂ ಇದಕ್ಕಿಂತ ಮೇಲು ಅನ್ನೋರು ಇದ್ದೀರಾ? ಕಾಮೆಂಟಲ್ಲಿ ಜಗಳಕ್ಕೆ ಬನ್ನಿ, ಪಾತ್ರೆ ಇನ್ನೂ ಬಾಕಿ ಇದೆ.